‘ನಡೀತದ’ ಎನ್ನಲಾಗದ ಒಂದು ಬೋಲ್ಟು

2019ರ ಮಳೆಗಾಲದ ಮಾತು. ಕಲಬುರಗಿಯ ಸೂಪರ್ ಮಾರ್ಕೆಟ್ ಭಾಗದ ಅಂಗಡಿಯೊಂದರಲ್ಲಿ ನಾನೊಂದು ಬೋಲ್ಟು ಕೊಂಡೆ. ನನ್ನ ಮೋಟಾರ್ ಸೈಕಲ್ಲಿನ ಹಿಂದಿನ ಬ್ರೇಕನ್ನು ಚೌಕಟ್ಟಿಗೆ ಹಿಡಿದಿಡುವ ಪಟ್ಟಿಯ ಬೋಲ್ಟು ಸವೆದಿತ್ತು. ಹಳೆಯದನ್ನು ಅಂಗಡಿಯವರ ಕೈಗಿತ್ತೆ. ಅವರು ಡಬ್ಬಿಯಿಂದ ಹೊಸದೊಂದನ್ನು ತೆಗೆದು, ಎರಡನ್ನೂ ಪಕ್ಕಪಕ್ಕ ಹಿಡಿದು, ನನ್ನ ಹಳೆಯ ನಟ್ಟನ್ನೇ ಅದಕ್ಕೆ ತಿರುಗಿಸಿ ತೋರಿಸಿದರು. “ಅದೇ ಸೈಜ್ ಅದ ನೋಡ್ರಿ ಸರ್. ಹಾಕ್ರಿ, ನಡೀತದ.”

ಎರಡು ತಿಂಗಳು ನಡೆಯಿತು. ಒಂದು ಬೆಳಿಗ್ಗೆ ಕಮಲಾಪುರದ ಶಾಲೆಗೆ ಹೊರಟಿದ್ದೆ. ಹಿಂದೆ ಹತ್ತನೇ ತರಗತಿಯ ಮಗ ಕೂತಿದ್ದ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ರಸ್ತೆಗೆ ಆಡುಗಳ ಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದೆ. ‘ಟಕ್’ ಎಂದು ಸದ್ದಾಯಿತು, ಚಕ್ರ ಬಿಗಿದುಕೊಂಡಿತು, ಇಬ್ಬರೂ ನೆಲಕ್ಕೆ ಬಿದ್ದೆವು. ನನಗೆ ಮೊಣಕಾಲು ತರಚಿತು. ಮಗನ ಬಲ ಮುಂಗೈ ಮೂಳೆ ಮುರಿದು ಆರು ವಾರ ಪ್ಲಾಸ್ಟರ್ ಹಾಕಬೇಕಾಯಿತು. ಅರ್ಧವಾರ್ಷಿಕ ಪರೀಕ್ಷೆಯನ್ನು ಅವನು ಬರೆಯಲಿಲ್ಲ. ರಸ್ತೆಯ ಮೇಲೆ ಆ ಬೋಲ್ಟಿನ ಅರ್ಧ ತುಂಡು ಬಿದ್ದಿತ್ತು.

ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ನಾನು ಕೇಳಿದ ಅಳತೆಯನ್ನು ಅವರು ಕೊಟ್ಟರು. ಕೇಳಬೇಕಾದ ಇನ್ನೊಂದು ಮಾತನ್ನು ಕೇಳದೇ ಬಂದವನು ನಾನು. ಅದೂ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಭೌತಶಾಸ್ತ್ರ ಹೇಳಿಕೊಟ್ಟವನು!

ತಲೆಯ ಮೇಲಿನ ಅಂಕಿ

ಮುರಿದ ತುಂಡನ್ನೂ ಸವೆದ ಹಳೆಯ ಬೋಲ್ಟನ್ನೂ ತರಗತಿಗೆ ಒಯ್ದು ಮಕ್ಕಳ ಕೈಗೆ ಕೊಟ್ಟೆ. ಹಳೆಯದರ ತಲೆಯ ಮೇಲೆ ಸಣ್ಣದಾಗಿ 8.8 ಎಂದು ಅಚ್ಚಾಗಿತ್ತು. ಹೊಸದರ ತಲೆ ಬೋಳು, ಯಾವ ಗುರುತೂ ಇರಲಿಲ್ಲ.

ಈ ಅಂಕಿಯನ್ನು ಓದುವುದು ಬಹಳ ಸುಲಭ. ಚುಕ್ಕೆಗೆ ಮೊದಲಿನ 8ನ್ನು ನೂರರಿಂದ ಗುಣಿಸಿದರೆ 800. ಅಂದರೆ ಆ ಉಕ್ಕು ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತವನ್ನು ಮುಟ್ಟುವವರೆಗೆ ಹರಿಯದು. ಚುಕ್ಕೆಯ ನಂತರದ 8, ಅದರ ಹತ್ತರಲ್ಲಿ ಎಂಟು ಪಾಲಿನವರೆಗೆ, ಅಂದರೆ 640 ನ್ಯೂಟನ್‌ವರೆಗೆ, ಬೋಲ್ಟು ರಬ್ಬರಿನಂತೆ ಎಳೆದು ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ ಎಂದು ಹೇಳುತ್ತದೆ. ಅದನ್ನು ಮೀರಿದರೆ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ.

8 ಮಿಲಿಮೀಟರ್ ದಪ್ಪದ ಬೋಲ್ಟಿನಲ್ಲಿ ಥ್ರೆಡ್ಡಿನ ತಗ್ಗುಗಳನ್ನು ಕಳೆದು ಭಾರ ಹೊರುವ ವಿಸ್ತೀರ್ಣ ಸುಮಾರು 36.6 ಚದರ ಮಿಲಿಮೀಟರ್. ಗುಣಿಸಿ ನೋಡಿ: 8.8 ದರ್ಜೆಯದು ಸುಮಾರು ಮೂರು ಟನ್ ಭಾರ ತಾಳುತ್ತದೆ. ಅದೇ ಅಳತೆಯ, ಅದೇ ಥ್ರೆಡ್ಡಿನ 4.6 ದರ್ಜೆಯದು ಒಂದೂವರೆ ಟನ್ನಿಗೇ ಹರಿಯುತ್ತದೆ. ಎರಡನ್ನೂ ಮೇಜಿನ ಮೇಲಿಟ್ಟರೆ ಕಣ್ಣಿಗೆ ಅಣ್ಣತಮ್ಮಂದಿರು! ಗುರುತೇ ಇಲ್ಲದ ಬೋಲ್ಟು ಎಷ್ಟು ತಾಳುತ್ತದೆಂದು ಯಾರು ಹೇಳಬಲ್ಲರು?

ಆ ಪಾಠ ಅಲ್ಲಿಗೇ ಮುಗಿಯುತ್ತಿತ್ತು. ಆದರೆ 2020ರ ಜನವರಿ 11ರಂದು ಟಿ.ವಿ.ಯಲ್ಲಿ ಒಂದು ದೃಶ್ಯ ಬಂತು. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ನೌಕಾಪಡೆ ಮಾದರಿ, ‘ಐಎನ್‌ಎಸ್ ವಿಕ್ರಮಾದಿತ್ಯ’ ಎಂಬ ವಿಮಾನವಾಹಕ ನೌಕೆಯ ಮೇಲೆ ಮೊದಲ ಸಲ ಇಳಿಯಿತು. ಚಾಲಕರು ಕಮೋಡೋರ್ ಜೈದೀಪ್ ಮಾವಳಂಕರ್. ವಿಕ್ರಮಾದಿತ್ಯದ ನೆಲೆ ನಮ್ಮದೇ ರಾಜ್ಯದ ಕಾರವಾರ. ವಿಮಾನದ ಬಾಲದ ಕೆಳಗಿನ ಕೊಕ್ಕೆ ಹಡಗಿನ ಅಟ್ಟದ ಮೇಲೆ ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗಕ್ಕೆ ಸಿಕ್ಕಿ ವಿಮಾನ ಗಕ್ಕನೆ ನಿಂತಿತು. ಮುಂದಿನ ಪಾಠದ ದಿನ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ.

“ಸರ್, ನಿಮ್ಮ ಬೋಲ್ಟ್ ಒಂದು ಬ್ರೇಕಿಗೇ ಕಡೀತು. ಆ ಕೊಕ್ಕಿ ಹಿಡದದ್ದು ಎಂಥ ಬೋಲ್ಟ್ ಇರ್ತದ್ರಿ?”

ಮೂರು ಸೆಕೆಂಡಿನ ಲೆಕ್ಕ

ಒಂಬತ್ತನೆಯ ತರಗತಿಯ ಸೂತ್ರಗಳಿಂದಲೇ ಈ ಪ್ರಶ್ನೆಯ ಹತ್ತಿರ ಹೋಗಬಹುದು. ಕಲಬುರಗಿಯಲ್ಲಿ 2019ರ ನವೆಂಬರಿನಲ್ಲಿ ಆರಂಭವಾದ ವಿಮಾನ ನಿಲ್ದಾಣದ ಓಡುದಾರಿ ಮೂರು ಕಿಲೋಮೀಟರಿಗಿಂತ ಉದ್ದ. ಹಡಗಿನ ಮೇಲೆ ಇಳಿದ ವಿಮಾನ ಸುಮಾರು 90 ಮೀಟರಿನೊಳಗೆ ನಿಲ್ಲಬೇಕು. ವೇಗ ಗಂಟೆಗೆ 240 ಕಿಲೋಮೀಟರ್ ಎಂದು ಹಿಡಿಯೋಣ. ಅದು ಸೆಕೆಂಡಿಗೆ 66.7 ಮೀಟರ್. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ವೇಗ ಕುಗ್ಗುವ ದರ ಬರುತ್ತದೆ: ಸುಮಾರು 24.7, ಅಂದರೆ ಗುರುತ್ವದ ಎರಡೂವರೆ ಪಟ್ಟು. ವಿಮಾನದ ತೂಕ 10 ಟನ್ ಎಂದುಕೊಂಡರೆ ಕೊಕ್ಕೆಯ ಮೇಲೆ ಬೀಳುವ ಎಳೆತ 25 ಟನ್ನಿನಷ್ಟು. ಇದೆಲ್ಲ ಮೂರು ಸೆಕೆಂಡಿಗೂ ಮೊದಲೇ ಮುಗಿದುಹೋಗುತ್ತದೆ.

ಇನ್ನೊಂದು ಸಂಗತಿ ಇದೆ. ಪ್ರಯಾಣಿಕರ ವಿಮಾನ ನೆಲದ ಹತ್ತಿರ ಬಂದಾಗ ಮೂಗನ್ನು ತುಸು ಎತ್ತಿ ಮೆಲ್ಲಗೆ ಕೂರುತ್ತದೆ. ಹಡಗಿನ ಮೇಲೆ ಅಂಥ ನಯನಾಜೂಕಿಗೆ ಜಾಗವಿಲ್ಲ. ಬಂದ ಕೋನದಲ್ಲೇ ಬಂದು ಧೊಪ್ಪನೆ ಬೀಳುತ್ತದೆ. ನೌಕಾ ತೇಜಸ್ಸಿನ ಕಾಲುಗಳನ್ನು ಸೆಕೆಂಡಿಗೆ ಸುಮಾರು 7 ಮೀಟರ್ ವೇಗದಲ್ಲಿ ಕೆಳಗೆ ಬೀಳುವುದನ್ನು ತಾಳುವಂತೆ ರೂಪಿಸಲಾಯಿತು. ಪ್ರಯಾಣಿಕರ ವಿಮಾನಕ್ಕೆ ಈ ಮಿತಿ ಸುಮಾರು 3 ಮೀಟರ್. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಪೆಟ್ಟು ಐದು ಪಟ್ಟಿಗೂ ಹೆಚ್ಚು.

ವಿಮಾನಗಳಲ್ಲಿ ಬಹಳವಾಗಿ ಬಳಸುವ ಟೈಟಾನಿಯಂ ಮಿಶ್ರಲೋಹದ 10 ಮಿಲಿಮೀಟರ್ ಬೋಲ್ಟನ್ನು ಕತ್ತರಿಯಂತೆ ಅಡ್ಡಡ್ಡ ಕತ್ತರಿಸಲು ಸುಮಾರು 5 ಟನ್ ಬಲ ಬೇಕು. “ಹಂಗಾದ್ರ ಐದಾರು ಬೋಲ್ಟ್ ಸಾಕಲ್ರೀ ಸರ್?” ಎಂದ ಹುಡುಗ. ಒಂದೇ ಸಲಕ್ಕಾದರೆ ಸಾಕು. ಆದರೆ ವಿಮಾನ ಇಂದೂ ಇಳಿಯಬೇಕು, ನಾಳೆಯೂ ಇಳಿಯಬೇಕು. ತಂತಿಯನ್ನು ಒಂದು ಸಲ ಬಗ್ಗಿಸಿದರೆ ಮುರಿಯದು, ಹಿಂದೆ ಮುಂದೆ ಇಪ್ಪತ್ತು ಸಲ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಒಂದೇ ಪೆಟ್ಟಿಗೆ ಬೋಲ್ಟು ಮುರಿಯುವುದು ಅಪರೂಪ. ಥ್ರೆಡ್ಡಿನ ಮೂಲೆಯಲ್ಲಿ ಕೂದಲಿಗಿಂತ ಸಣ್ಣ ಬಿರುಕೊಂದು ಹುಟ್ಟಿ, ದಿನದಿಂದ ದಿನಕ್ಕೆ ಒಳಗೆ ಸಾಗಿ, ಕೊನೆಗೊಂದು ದಿನ ‘ಟಕ್’ ಎನ್ನುತ್ತದೆ. ನನ್ನ ಬೋಲ್ಟಿಗೆ ಎರಡು ತಿಂಗಳು ಹಿಡಿದದ್ದು ಇದಕ್ಕೇ.

ಉಪ್ಪುಗಾಳಿಯ ಕಾಟ

ನಮ್ಮ ಕಲಬುರಗಿಯ ಒಣಬಿಸಿಲಿನಲ್ಲಿ ಕಬ್ಬಿಣದ ಗೇಟು ವರ್ಷಗಟ್ಟಲೆ ಬಾಳುತ್ತದೆ. ಕಾರವಾರದ ಕಡೆಯ ನೆಂಟರ ಮನೆಯ ಗೇಟನ್ನು ನೋಡಿದವರಿಗೆ ಉಪ್ಪುಗಾಳಿಯ ಕಾಟ ಗೊತ್ತು. ಹಡಗಿನ ಅಟ್ಟದ ಮೇಲೆ ನಿಂತ ವಿಮಾನಕ್ಕೆ ಹಗಲಿರುಳೂ ಆ ಗಾಳಿಯೇ.

ತುಕ್ಕಿನ ಜೊತೆಗೆ ಅಲ್ಲಿ ಇನ್ನೊಂದು ಶತ್ರುವಿದೆ. ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡು ಉಪ್ಪುನೀರಿನಲ್ಲಿ ನೆನೆದರೆ ಅದೊಂದು ಪುಟ್ಟ ವಿದ್ಯುತ್ಕೋಶವಾಗುತ್ತದೆ. ಎರಡರಲ್ಲಿ ದುರ್ಬಲವಾದದ್ದು ಕರಗುತ್ತದೆ. ಅಲ್ಯುಮಿನಿಯಂ ತಗಡಿಗೆ ಬರಿಯ ಉಕ್ಕಿನ ಬೋಲ್ಟು ಹಾಕಿದರೆ ಬೋಲ್ಟಿನ ಸುತ್ತಲಿನ ಅಲ್ಯುಮಿನಿಯಂ ಬಿಳಿಯ ಪುಡಿಯಾಗಿ ಉದುರುತ್ತದೆ. ಬೋಲ್ಟು ಗಟ್ಟಿಯಾಗಿಯೇ ಇರುತ್ತದೆ, ಹಿಡಿದುಕೊಳ್ಳಲು ಮಾತ್ರ ಅದಕ್ಕೆ ಏನೂ ಉಳಿದಿರುವುದಿಲ್ಲ. ಉಕ್ಕಿನ ಬೋಲ್ಟಿಗೆ ಕ್ಯಾಡ್ಮಿಯಂ ಲೇಪ ಕೊಡುವ ಪದ್ಧತಿ ಬಂದದ್ದು ಇದಕ್ಕೇ. ಕ್ಯಾಡ್ಮಿಯಂ ವಿಷ, ಆದ್ದರಿಂದ ಸತು-ನಿಕ್ಕಲ್‌ನಂಥ ಬೇರೆ ಲೇಪಗಳು ಅದರ ಜಾಗಕ್ಕೆ ಬರುತ್ತಿವೆ.

ತೇಜಸ್ಸಿನ ಒಡಲಿನ ತೂಕದಲ್ಲಿ ಸುಮಾರು ಶೇ 45 ಕಾರ್ಬನ್ ನಾರಿನ ಸಂಯುಕ್ತ ವಸ್ತು. ಕಾರ್ಬನ್ ಅಂತೂ ಅಲ್ಯುಮಿನಿಯಮ್ಮನ್ನು ಬಲುಬೇಗ ತಿನ್ನಿಸಿಬಿಡುತ್ತದೆ. ಕಾರ್ಬನ್ನಿನ ಜೊತೆ ಜಗಳವಿಲ್ಲದೆ ಬಾಳುವ ಲೋಹ ಟೈಟಾನಿಯಂ. ತೂಕದಲ್ಲಿ ಅದು ಉಕ್ಕಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕೇರಳದ ಚವರದ ಕರಿಮರಳಿನಿಂದ ಟೈಟಾನಿಯಂ ತೆಗೆಯುವ ಕಾರ್ಖಾನೆ 2011ರಲ್ಲಿ ಉದ್ಘಾಟನೆಯಾಯಿತು. ನಮಗೆ ಹತ್ತಿರದ ಹೈದರಾಬಾದಿನಲ್ಲಿ 1973ರಲ್ಲಿ ಸ್ಥಾಪನೆಯಾದ ಮಿಶ್ರ ಧಾತು ನಿಗಮ, ಅಂದರೆ ‘ಮಿಧಾನಿ’, ಟೈಟಾನಿಯಂ ಮಿಶ್ರಲೋಹಗಳನ್ನು ತಯಾರಿಸುತ್ತದೆ.

ಮಕ್ಕಳು ಮನೆಯಲ್ಲೇ ಇದನ್ನು ಮಾಡಿ ನೋಡಬಹುದು. ಮೂರು ಗಾಜಿನ ಲೋಟಗಳಲ್ಲಿ ಉಪ್ಪುನೀರು ತುಂಬಿ. ಒಂದರಲ್ಲಿ ಬರೀ ಕಬ್ಬಿಣದ ಮೊಳೆ, ಎರಡನೆಯದರಲ್ಲಿ ತಾಮ್ರದ ತಂತಿ ಸುತ್ತಿದ ಮೊಳೆ, ಮೂರನೆಯದರಲ್ಲಿ ಶಾಲೆಯ ಪ್ರಯೋಗಾಲಯದಿಂದ ಕೇಳಿ ತಂದ ಸತುವಿನ ಪಟ್ಟಿಗೆ ದಾರದಿಂದ ಬಿಗಿದ ಮೊಳೆ ಇಡಿ. ನಾಲ್ಕು ದಿನ ಬಿಟ್ಟು ನೋಡಿ. ತಾಮ್ರದ ಸಹವಾಸದ ಮೊಳೆಗೆ ಎಲ್ಲಕ್ಕಿಂತ ಹೆಚ್ಚು ತುಕ್ಕು. ಸತುವಿನ ಸಹವಾಸದ್ದು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಸತುವು ತಾನು ಕರಗಿ ಗೆಳೆಯನನ್ನು ಉಳಿಸಿರುತ್ತದೆ.

ಕೆಂಪು ಬಾಳೆ ಮತ್ತು ಕಾಗದಪತ್ರ

ಈಗ ಬದಲಿ ಬೋಲ್ಟಿನ ಮಾತಿಗೆ ಬರೋಣ. ಯುದ್ಧವಿಮಾನದ ಮೇಲ್ಮೈಯ ಎಷ್ಟೋ ಮುಚ್ಚಳಗಳನ್ನು ತಪಾಸಣೆಗಾಗಿ ಮತ್ತೆ ಮತ್ತೆ ತೆರೆದು ಮುಚ್ಚಬೇಕಾಗುತ್ತದೆ. ಕೆಲವಕ್ಕೆ ಕಾಲು ಸುತ್ತು ತಿರುಗಿಸಿದರೆ ಬಿಗಿಯುವ ಕೀಲುಗಳಿರುತ್ತವೆ. ಬಿಚ್ಚಿದ ತಾನೇ ಬಿಗಿದುಕೊಳ್ಳುವ ನಟ್ಟಿನ ಹಿಡಿತ ಸಡಿಲಾದರೆ ಅದನ್ನು ಮತ್ತೆ ಹಾಕುವುದಿಲ್ಲ, ಎಸೆಯುತ್ತಾರೆ. ಬೋಲ್ಟಿನ ತೂತು ಸವೆದರೆ ಅದನ್ನು ಚೊಕ್ಕವಾಗಿ ಕೊರೆದು, ಇಂಚಿನ ಅರವತ್ನಾಲ್ಕನೇ ಒಂದು ಭಾಗದಷ್ಟು ದಪ್ಪನೆಯ ಬೋಲ್ಟು ಹಾಕುವುದುಂಟು. ಎಷ್ಟು ಬಿಗಿಯಬೇಕೆಂಬುದನ್ನೂ ಕೈಯ ಅಂದಾಜಿಗೆ ಬಿಡುವುದಿಲ್ಲ, ಬಲವನ್ನು ಅಳೆದು ತೋರಿಸುವ ಪಾನಾದಿಂದಲೇ ಬಿಗಿಯುತ್ತಾರೆ.

ಹೊಸ ಬೋಲ್ಟು ಸರಿಯಾದದ್ದೆಂದು ತಿಳಿಯುವುದು ಹೇಗೆ? ನೋಡಿದರೆ ತಿಳಿಯುವುದಿಲ್ಲ ಎಂಬುದೇ ಇಲ್ಲಿಯ ಮುಖ್ಯ ಪಾಠ. ಒಳ್ಳೆಯ ಬೋಲ್ಟಿನ ಥ್ರೆಡ್ಡನ್ನು ಕತ್ತರಿಸಿ ಮಾಡಿರುವುದಿಲ್ಲ. ಗಟ್ಟಿ ಅಚ್ಚುಗಳ ನಡುವೆ ಉರುಳಿಸಿ ಒತ್ತಿ ಮೂಡಿಸಿರುತ್ತಾರೆ. ಇದರಿಂದ ಲೋಹದ ಒಳಗಿನ ಎಳೆಗಳು ತುಂಡಾಗದೆ ಥ್ರೆಡ್ಡಿನ ಏರಿಳಿತದ ಜೊತೆಗೇ ಬಾಗುತ್ತವೆ, ದಣಿವನ್ನು ಹೆಚ್ಚು ಕಾಲ ತಾಳುತ್ತವೆ. ಇನ್ನೊಂದು ಉದಾಹರಣೆ. ಬಹಳ ಗಟ್ಟಿಯಾದ ಉಕ್ಕಿಗೆ ಲೇಪ ಕೊಡುವಾಗ ಹೈಡ್ರೋಜನ್ ಪರಮಾಣುಗಳು ಒಳಗೆ ನುಸುಳಿಕೊಳ್ಳುತ್ತವೆ. ಲೇಪವಾದ ಕೆಲವೇ ಗಂಟೆಗಳೊಳಗೆ ಬೋಲ್ಟನ್ನು ಸುಮಾರು 190 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇಪ್ಪತ್ಮೂರು ಗಂಟೆಯಷ್ಟು ಹೊತ್ತು ಇಟ್ಟು ಅದನ್ನು ಹೊರಗೆ ಹಾಕಬೇಕು. ಈ ಕೆಲಸ ತಪ್ಪಿದರೆ ಉಕ್ಕು ಪೆಡಸಾಗಿ, ಬಿಗಿದಿಟ್ಟ ಬೋಲ್ಟು ಯಾವುದೋ ಹೊತ್ತಿನಲ್ಲಿ ತಾನಾಗಿಯೇ ಮುರಿಯಬಹುದು. ಒಲೆಯಲ್ಲಿಟ್ಟ ಬೋಲ್ಟು, ಇಡದ ಬೋಲ್ಟು ಎರಡೂ ಒಂದೇ ಹೊಳಪು, ಒಂದೇ ತೂಕ!

ಆದ್ದರಿಂದ ವಿಮಾನದ ಬೋಲ್ಟಿನ ಜೊತೆ ಕಾಗದಪತ್ರವೂ ಬರುತ್ತದೆ. ಯಾವ ಉಕ್ಕು, ಯಾವ ತಂಡದಲ್ಲಿ ತಯಾರಾದದ್ದು, ಯಾವ ಪರೀಕ್ಷೆ ಗೆದ್ದಿತು ಎಂಬುದೆಲ್ಲ ಅದರಲ್ಲಿರುತ್ತದೆ. ಕಮಲಾಪುರದವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮೂರ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಸಿಪ್ಪೆ ಕೆಂಪಿದ್ದ ಮಾತ್ರಕ್ಕೆ ಅದು ಕಮಲಾಪುರದ ಬಾಳೆಯಾಗುವುದಿಲ್ಲ, ಎಲ್ಲಿ ಬೆಳೆಯಿತು ಎಂಬುದೂ ಗೊತ್ತಿರಬೇಕು. ಬಾಳೆಯಲ್ಲಿ ಮೋಸವಾದರೆ ರುಚಿ ಕೆಡುತ್ತದೆ. ಬೋಲ್ಟಿನಲ್ಲಿ ಮೋಸವಾದರೆ ಜೀವ ಹೋಗುತ್ತದೆ.

1989ರ ಸೆಪ್ಟೆಂಬರ್ 8ರಂದು ಹಾಗೇ ಆಯಿತು. ಓಸ್ಲೋದಿಂದ ಹ್ಯಾಂಬರ್ಗಿಗೆ ಹೊರಟಿದ್ದ ಪಾರ್ಟ್‌ನೇರ್ ಕಂಪನಿಯ ವಿಮಾನ ಡೆನ್ಮಾರ್ಕ್ ಬಳಿಯ ಸಮುದ್ರಕ್ಕೆ ಬಿದ್ದು ಅದರಲ್ಲಿದ್ದ 55 ಜನರೂ ಸತ್ತರು. ಬಾಲದ ರೆಕ್ಕೆಯನ್ನು ಹಿಡಿದಿದ್ದ ಬೋಲ್ಟುಗಳಲ್ಲಿ ಕೆಲವು ನಕಲಿ, ಬೇಕಾದಷ್ಟು ಗಟ್ಟಿ ಇರದಂಥವು ಎಂದು ತನಿಖೆಯಲ್ಲಿ ತಿಳಿಯಿತು.

ಮರುವರ್ಷದ ಜೂನ್ 10ರ ಘಟನೆಯಲ್ಲಿ ಮೋಸವೇನೂ ಇರಲಿಲ್ಲ, ಬರೀ ‘ನಡೀತದ’ ಇತ್ತು. ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದರ ಮುಂಗಾಜನ್ನು ರಾತ್ರಿ ಪಾಳಿಯಲ್ಲಿ ಬದಲಿಸಲಾಗಿತ್ತು. ಕೆಲಸ ಮಾಡಿದವರು ಹಳೆಯ ಬೋಲ್ಟನ್ನು ಕಣ್ಣಳತೆಯಲ್ಲಿ ಹೋಲಿಸಿ ಹೊಸದನ್ನು ಆರಿಸಿದ್ದರು, ಪಟ್ಟಿ ತೆಗೆದು ನೋಡಿರಲಿಲ್ಲ. 90 ಬೋಲ್ಟುಗಳಲ್ಲಿ 84ರ ದಪ್ಪ ಕಡಿಮೆ, ಸುಮಾರು 0.66 ಮಿಲಿಮೀಟರಿನಷ್ಟು. ಉಳಿದ ಆರು ಗಿಡ್ಡ. ಆ ಗಾಜು 17,300 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಅರ್ಧ ಮೈ ಹೊರಗೆ ಸೆಳೆಯಲ್ಪಟ್ಟರು. ಸಿಬ್ಬಂದಿ ಅವರ ಕಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಸಹಚಾಲಕ ಅಲಿಸ್ಟೇರ್ ಅಚಿಸನ್ ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದರು. ಎಲ್ಲರೂ ಬದುಕಿದ್ದು, ಐದು ತಿಂಗಳೊಳಗೆ ಕ್ಯಾಪ್ಟನ್ ಕೆಲಸಕ್ಕೆ ಮರಳಿದ್ದು ಅದೃಷ್ಟ. ಹಳೆಯದರ ಪಕ್ಕ ಹೊಸದನ್ನು ಹಿಡಿದು ನೋಡುವುದು! ಸೂಪರ್ ಮಾರ್ಕೆಟ್ಟಿನಲ್ಲಿ ನಾನು ಒಪ್ಪಿಕೊಂಡ ಪರೀಕ್ಷೆಯೂ ಅದೇ ಅಲ್ಲವೇ?

ತೊಗರಿ ಹೊಲದ ಸಾಲು

ಬೋಲ್ಟು ಮುರಿಯದೆಯೂ ಅನಾಹುತ ಮಾಡಬಲ್ಲದು. ಹಡಗಿನ ಅಟ್ಟದ ಮೇಲೆ ಬಿದ್ದ ಒಂದು ನಟ್ಟು ಜೆಟ್ ಎಂಜಿನ್ನಿನ ಸೆಳೆತಕ್ಕೆ ಸಿಕ್ಕಿ ಒಳಗೆ ಹೋದರೆ ಅದರ ಅಲಗುಗಳು ಚೂರಾಗುತ್ತವೆ. ಆದ್ದರಿಂದ ವಿಮಾನವಾಹಕ ನೌಕೆಗಳಲ್ಲಿ ಹಾರಾಟಕ್ಕೆ ಮುಂಚೆ ಹಡಗಿನವರು ಸಾಲಾಗಿ ನಿಂತು, ತಲೆ ತಗ್ಗಿಸಿ, ಅಟ್ಟದ ಉದ್ದಕ್ಕೂ ಹೆಜ್ಜೆ ಹೆಜ್ಜೆ ನಡೆಯುತ್ತಾರೆ. ಕಂಡ ಮೊಳೆ, ಹರಳು, ತಂತಿ ಎಲ್ಲವನ್ನೂ ಹೆಕ್ಕುತ್ತಾರೆ. ನಮ್ಮ ತೊಗರಿ ಹೊಲಗಳಲ್ಲಿ ಹೆಣ್ಣುಮಕ್ಕಳು ಸಾಲು ಹಿಡಿದು ಕಳೆ ತೆಗೆಯುವುದನ್ನು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಅಲ್ಲಿ ದೊಡ್ಡ ಅಧಿಕಾರಿ, ಸಣ್ಣ ನಾವಿಕ ಎಂಬ ಭೇದವಿಲ್ಲ.

ಅಮೆರಿಕದ ‘ಕಾರ್ಲ್ ವಿನ್ಸನ್’ ನೌಕೆಯ ಒಂದು ಘಟನೆಯನ್ನು ಸುರಕ್ಷತೆಯ ಬಗ್ಗೆ ಬರೆಯುವವರು ಮತ್ತೆ ಮತ್ತೆ ನೆನೆಯುತ್ತಾರೆ. ಅಲ್ಲಿಯ ಸಾಮಾನ್ಯ ನಾವಿಕನೊಬ್ಬ ಅಟ್ಟದ ಮೇಲೆ ತನ್ನದೊಂದು ಉಪಕರಣವನ್ನು ಕಳೆದುಕೊಂಡ. ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಅವನ ಹೆಸರು ಹೊರಗೆ ಬರುತ್ತಿರಲಿಲ್ಲ. ಅವನು ಹೋಗಿ ಹೇಳಿದ. ಆಕಾಶದಲ್ಲಿದ್ದ ವಿಮಾನಗಳನ್ನೆಲ್ಲ ದಡದ ನಿಲ್ದಾಣಗಳಿಗೆ ಕಳುಹಿಸಿ, ಉಪಕರಣ ಸಿಗುವವರೆಗೆ ಹುಡುಕಿದರು. ಮರುದಿನ ಎಲ್ಲರ ಮುಂದೆ ಆ ನಾವಿಕನಿಗೆ ಪ್ರಶಂಸೆ ಸಿಕ್ಕಿತು. ಕಳೆದದ್ದಕ್ಕಲ್ಲ, ಹೇಳಿದ್ದಕ್ಕೆ.

ಇಷ್ಟೆಲ್ಲ ಎಚ್ಚರ ಒಂದೇ ದಿನದಲ್ಲಿ ಬರುವುದಿಲ್ಲ. ನಮ್ಮ ನೌಕಾಪಡೆ ಹೊರದೇಶದಿಂದ ಕೊಂಡ ಮಿಗ್-29ಕೆ ವಿಮಾನಗಳಲ್ಲಿ ಹಾರಾಟಕ್ಕೆ ಸಿದ್ಧವಿದ್ದವುಗಳ ಪ್ರಮಾಣ ಶೇ 16ರಿಂದ ಶೇ 38ರ ನಡುವೆ ಇತ್ತೆಂದು 2016ರಲ್ಲಿ ಮಹಾಲೇಖಪಾಲರ ವರದಿ ಹೇಳಿತು. ಒಡಲು, ಎಂಜಿನ್ನುಗಳ ದೋಷಗಳನ್ನು ಅದು ಪಟ್ಟಿ ಮಾಡಿತು. ಕೊಚ್ಚಿಯಲ್ಲಿ ಕಟ್ಟಿದ ಹೊಸ ‘ವಿಕ್ರಾಂತ್’ 2022ರ ಸೆಪ್ಟೆಂಬರಿನಲ್ಲಿ ನೌಕಾಪಡೆ ಸೇರಿತು. 2023ರ ಫೆಬ್ರವರಿಯಲ್ಲಿ ನೌಕಾ ತೇಜಸ್ ಅದರ ಮೇಲೂ ಇಳಿಯಿತು. ಆ ತೇಜಸ್ ಪ್ರಯೋಗದ ವಿಮಾನವಾಗಿಯೇ ಉಳಿದರೂ ಅದರಿಂದ ಕಲಿತದ್ದು ಎರಡು ಎಂಜಿನ್ನಿನ ಹೊಸ ನೌಕಾ ವಿಮಾನದ ವಿನ್ಯಾಸಕ್ಕೆ ಒದಗುತ್ತಿದೆ. ಹಡಗು, ವಿಮಾನ ಕಟ್ಟಿದಷ್ಟೇ ಸಾಲದು. ಅವನ್ನು ದಿನದಿನವೂ ಬಿಚ್ಚಿ, ಒರೆಸಿ, ನೋಡಿ, ಸರಿಯಾದ ಬೋಲ್ಟು ಹಾಕಿ, ಪುಸ್ತಕದಲ್ಲಿ ಬರೆದು ಸಹಿ ಮಾಡುವ ಕೈಗಳು ಬೇಕು.

ತಂದೆತಾಯಿಗಳಿಗೆ ಒಂದು ಮಾತು. ಮಗ ಎಂಜಿನಿಯರ್ ಆಗಲಿಲ್ಲ, ಐಟಿಐ ಫಿಟ್ಟರ್ ಆದ ಎಂದು ಕೊರಗುವವರನ್ನು ಪ್ರತಿ ವರ್ಷ ನೋಡುತ್ತೇನೆ. ವಿಮಾನದ ರೇಖಾಚಿತ್ರ ಬರೆಯುವವರು ಕೆಲವರು. ಆ ವಿಮಾನ ನಾಳೆ ಬೆಳಿಗ್ಗೆ ಹಾರಬಹುದೋ ಬಾರದೋ ಎಂದು ಸಹಿ ಹಾಕುವವನು ಪಾನಾ ಹಿಡಿದವನೇ. ಆ ಸಹಿಯ ಬೆಲೆ ಸಣ್ಣದಲ್ಲ.

ಆ ಪಾಠವಾದ ಮೇಲೆ ಪ್ರಶ್ನೆ ಕೇಳಿದ್ದ ಹುಡುಗ ಒಂದು ಸೋಮವಾರ ನನ್ನ ಮೇಜಿನ ಬಳಿ ಬಂದು ನಿಂತ. ರಜೆಯ ದಿನಗಳಲ್ಲಿ ಮಾಮನ ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಮುಷ್ಟಿ ಬಿಚ್ಚಿದರೆ ಒಳಗೊಂದು ನಟ್ಟು.

“ಸರ್, ನಿನ್ನಿ ಒಂದು ಗಾಡಿ ಚಕ್ರ ಕೂಡ್ಸಿದೆ. ಇದೊಂದು ಉಳೀತು. ಗಾಡಿಯವ್ರು ಹೋಗೇ ಬಿಟ್ಟಿದ್ರು.”

“ಮುಂದ?”

“ಮಾಮಗ ಹೇಳ್ದೆ. ಬೈದ್ರು. ಖರೆ ಫೋನ್ ಹಚ್ಚಿ ಅವರನ್ನ ವಾಪಸ್ ಕರ್ಸಿದ್ರು. ಸ್ಟ್ಯಾಂಡಿಂದು ನಟ್ ಆಗಿತ್ತು. ಹೊಸಾದು ಹಾಕಿ ಕಳ್ಸಿದ್ವಿ.”

ಬೈಗುಳಕ್ಕೆ ಹೆದರಿ ಅವನು ಆ ನಟ್ಟನ್ನು ಚರಂಡಿಗೆ ಎಸೆಯಬಹುದಿತ್ತು. ಅದು ಸ್ಟ್ಯಾಂಡಿನದೋ ಬ್ರೇಕಿನದೋ ಅವನಿಗೂ ಆಗ ಗೊತ್ತಿರಲಿಲ್ಲ. ಮಗು ಬಂದು ತಪ್ಪು ಒಪ್ಪಿಕೊಂಡಾಗ ಮನೆಯಲ್ಲಿ, ಶಾಲೆಯಲ್ಲಿ ನಾವು ಮೊದಲು ಎತ್ತುವುದು ಕೈಯನ್ನೋ, ದನಿಯನ್ನೋ. ಹಾಗೆ ಮಾಡಿದರೆ ಮುಂದಿನ ಸಲ ನಟ್ಟು ಚರಂಡಿಗೇ ಹೋಗುತ್ತದೆ.

ಆ ಹುಡುಗನ ಹೆಸರು ಹೇಳಿ ತರಗತಿಯಲ್ಲಿ ಚಪ್ಪಾಳೆ ಹೊಡೆಸಿದೆ. ಆ ನಟ್ಟು ಮತ್ತು ನನ್ನ ಮುರಿದ ಬೋಲ್ಟು ಈಗ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಒಂದೇ ಡಬ್ಬಿಯಲ್ಲಿವೆ. ಪ್ರತಿ ವರ್ಷ ಬಲ ಮತ್ತು ಚಲನೆಯ ಪಾಠ ಬಂದಾಗ ಎರಡನ್ನೂ ಹೊರಗೆ ತೆಗೆಯುತ್ತೇನೆ.